ಸೇಫ್ಟಿ ಕಟ್ಟರ್ ತಗೊಳ್ಳಬೇಕಾ, ಹಳೇ ಕಟ್ಟರೇ ಸಾಕಾ? ಒಂದು ಮಳೆಗಾಲ ಬಳಸಿ ನೋಡಿದ ಮೇಲೆ

ನನ್ನ ಬಲಗೈಯಲ್ಲಿ, ಕಿರುಬೆರಳಿನ ಕೆಳಗೆ, ಮೂರು ಹೊಲಿಗೆಯ ಗುರುತಿದೆ. ಏನನ್ನೋ ಕತ್ತರಿಸುವಾಗ ಆದ ಗಾಯ ಅಲ್ಲ ಅದು. ಆಗ ಕಟ್ಟರ್ ನನ್ನ ಕೈಯಲ್ಲೇ ಇರಲಿಲ್ಲ.

ಕಳೆದ ವರ್ಷ ಜೂನ್ ಮೊದಲ ವಾರ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಸ್ಟೇಷನರಿ ಅಂಗಡಿ ಇದೆ. ಸ್ಕೂಲು ಶುರುವಾಗುವ ಆ ಹದಿನೈದು ದಿನ ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆಲ್ದೂರು, ಮಲ್ಲಂದೂರು ಕಡೆಯಿಂದ ಬಂದವರು ಬಸ್ಸಿಗೆ ಹೊತ್ತಾಯ್ತು ಅಂತ ನಿಂತಲ್ಲೇ ಚಡಪಡಿಸುತ್ತಿರುತ್ತಾರೆ. ಬಿಲ್ ಪುಸ್ತಕ ಎಲ್ಲಿ ಹೋಯ್ತು ಅಂತ ಬ್ರೌನ್ ಪೇಪರ್ ರಾಶಿಯ ಅಡಿಗೆ ಕೈ ಹಾಕಿದೆ. ನಮ್ಮ ಅಂಗಡಿ ಹುಡುಗ ನೋಟ್‌ಬುಕ್ ಬಾಕ್ಸ್ ಬಿಚ್ಚಿ, ಕಟ್ಟರನ್ನು ಹಾಗೇ ಅಲ್ಲಿಟ್ಟಿದ್ದ. ಬ್ಲೇಡು ನಾಲ್ಕು ತುಂಡಿನಷ್ಟು ಹೊರಗಿತ್ತು.

ಹೊಲಿಗೆ ಹಾಕಿಸಿಕೊಂಡು, ಟಿಟಿ ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೆ ಬಂದೆ. ನೋವಿದ್ಯಾ ಅಂತ ಕೇಳುವ ಮೊದಲೇ ನಮ್ಮತ್ತೆ ಕೇಳಿದ್ದು ಇದು: "ಈಳಿಗೆ ಮಣೆ ಮಲಗಿಸಿ ಇಡಬೇಕು ಅಂತ ನಿಮ್ಮ ಅಂಗಡೀಲಿ ಯಾರಿಗೂ ಗೊತ್ತಿಲ್ವಾ?"

ಹಳೇ ಮನೆಗಳಲ್ಲಿ ಬೆಳೆದವರಿಗೆ ಈ ಬೈಗುಳ ಗೊತ್ತಿರುತ್ತದೆ. ತರಕಾರಿ ಹೆಚ್ಚಿದ ಮೇಲೆ ಈಳಿಗೆ ಮಣೆಯನ್ನು ನಿಂತಂತೆಯೇ ಬಿಟ್ಟು ಎದ್ದು ಹೋದರೆ ಅಜ್ಜಿಯರು ಸುಮ್ಮನೆ ಬಿಡುತ್ತಿರಲಿಲ್ಲ. ಗೋಡೆ ಬದಿಗೆ ಮಲಗಿಸಬೇಕು, ಮಡಚುವಂಥದ್ದಾದರೆ ಮಡಚಬೇಕು. ಹೆಚ್ಚುವಾಗ ಕಣ್ಣೆಲ್ಲ ಅದರ ಮೇಲೇ ಇರುತ್ತದೆ, ಆಗ ಅಪಾಯ ಕಡಿಮೆ. ಎದ್ದು ಹೋದ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಮಗು ತೆವಳಿಕೊಂಡು ಬರುವುದು ಆಗಲೇ.

ಅತ್ತೆಯ ಆ ಮಾತು ತಲೆಯಲ್ಲಿಟ್ಟುಕೊಂಡೇ ಸೇಫ್ಟಿ ಕಟ್ಟರ್ ಹುಡುಕಲು ಹೊರಟೆ. ಮೂರು ಬಗೆಯದು ತರಿಸಿದೆ. ಹಳೆಯದರ ಜೊತೆಗೆ ಅವನ್ನೂ ಎಂಟು ತಿಂಗಳು ಅಂಗಡಿಯಲ್ಲಿ ದುಡಿಸಿದ್ದೇನೆ. ದಿನಕ್ಕೆ ಐದಾರು ಬಾಕ್ಸ್ ಅಂತೂ ಬಿಚ್ಚುತ್ತೇವೆ, ಸೀಸನ್ನಿನಲ್ಲಿ ಲೆಕ್ಕವೇ ಇಲ್ಲ. ಕಟ್ಟರ್ ಮಾರುವವಳೂ ನಾನೇ. ಹಾಗಾಗಿ ಕೆಲವು ಮಾತು ನನ್ನ ವ್ಯಾಪಾರಕ್ಕೆ ವಿರುದ್ಧವಾಗಿಯೂ ಬರಬಹುದು.

ಮೊದಲು ಹಳೆಯದರ ಬಗ್ಗೆ. ಅದನ್ನು ಬೈದು ಪಕ್ಕಕ್ಕಿಡುವುದು ಅನ್ಯಾಯ. ನಾವು ಪೇಪರ್ ಕಟ್ಟರ್ ಅಂತ ಕರೆಯುವ, ಗೆರೆ ಗೆರೆ ಇರುವ ಉದ್ದ ಬ್ಲೇಡಿನ ಚಾಕು ಇದೆಯಲ್ಲ, ಅದು ಹುಟ್ಟಿದ್ದು ಜಪಾನಿನಲ್ಲಿ. 1956ರಲ್ಲಿ ಯೋಶಿಯೋ ಒಕಾಡ ಎಂಬಾತ ಮಾಡಿದ್ದು. ಪ್ರಿಂಟಿಂಗ್ ಕೆಲಸದಲ್ಲಿ ಕಾಗದ ಕೊಯ್ದು ಕೊಯ್ದು ಬ್ಲೇಡು ಮೊಂಡಾಗುತ್ತಿತ್ತು. ತುದಿ ಮೊಂಡಾಯ್ತು ಅಂತ ಇಡೀ ಬ್ಲೇಡು ಎಸೆಯಬೇಕು. ಚಪ್ಪಲಿ ಹೊಲಿಯುವವರು ಗಾಜಿನ ಚೂರು ಮೊಂಡಾದಾಗ ಅದನ್ನೇ ಮುರಿದು ಹೊಸ ಅಂಚು ಮಾಡಿಕೊಳ್ಳುತ್ತಿದ್ದರು. ಚಾಕೊಲೇಟ್ ಬಾರನ್ನು ಗೆರೆ ನೋಡಿ ಮುರಿದು ತಿನ್ನುತ್ತಾರೆ. ಎರಡನ್ನೂ ಸೇರಿಸಿ ಯೋಚಿಸಿದ. ಮುಂದೆ ಅವನು ಕಟ್ಟಿದ ಓಲ್ಫಾ ಅನ್ನುವ ಕಂಪನಿಯ ಹೆಸರಿನ ಅರ್ಥವೂ ಅದೇ, ಜಪಾನಿ ಭಾಷೆಯಲ್ಲಿ ಮುರಿಯುವ ಅಲಗು.

ಎಷ್ಟು ಸರಳ ನೋಡಿ. 18 ಮಿಲಿಮೀಟರ್ ಅಗಲದ ಬ್ಲೇಡಿನಲ್ಲಿ ಎಂಟು ತುಂಡು. ಎಂಟು ಸಲ ಹೊಸ ಮೊನೆ. ಮಕ್ಕಳು ಪ್ರಾಜೆಕ್ಟಿಗೆ ಒಯ್ಯುವ 9 ಮಿಲಿಮೀಟರಿನದರಲ್ಲಿ ಹದಿಮೂರು. ನಮ್ಮಲ್ಲಿ ಚಿಕ್ಕದಕ್ಕೆ 20 ರೂಪಾಯಿ, ದೊಡ್ಡದರಲ್ಲಿ ಒಳಗೆ ಉಕ್ಕಿನ ತಗಡು ಇರುವಂಥದ್ದಕ್ಕೆ 120. ಈ ತಗಡಿನ ವಿಷಯ ಮುಖ್ಯ. ಬರೀ ಪ್ಲಾಸ್ಟಿಕ್ ಮೈಯ ಕಟ್ಟರಿನಲ್ಲಿ ಜೋರಾಗಿ ಒತ್ತಿದರೆ ಬ್ಲೇಡು ಅಲ್ಲಾಡುತ್ತದೆ, ಒಮ್ಮೊಮ್ಮೆ ಲಾಕು ಜಾರುತ್ತದೆ. 20 ರೂಪಾಯಿಯದರಲ್ಲಿ ಡ್ರಾಯಿಂಗ್ ಶೀಟು ಕೊಯ್ಯಬಹುದು, ಬಾಕ್ಸ್ ಬಿಚ್ಚಬಾರದು. ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ, ದಿನಕ್ಕೆ ನಾಲ್ಕು ಸಲವೂ 20 ರೂಪಾಯಿಯದೇ ಮಾರುತ್ತೇನೆ.

ಚೂಪಿನ ವಿಷಯದಲ್ಲಿ ಇದನ್ನು ಮೀರಿಸಿದ್ದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ತಕರಾರು ಎರಡೇ. ಒಂದು, ಮುಚ್ಚುವುದು ನಮಗೆ ಬಿಟ್ಟಿದ್ದು. ಎರಡು, ಎಷ್ಟು ಹೊರಗೆ ಚಾಚಬೇಕು ಅನ್ನುವುದೂ ನಮಗೆ ಬಿಟ್ಟಿದ್ದು. ಮೂರು ಪದರದ ರಟ್ಟಿನ ದಪ್ಪ ಮೂರು-ನಾಲ್ಕು ಮಿಲಿಮೀಟರ್ ಅಷ್ಟೇ. ಅದಕ್ಕೆ ಒಂದು ತುಂಡಿನಷ್ಟು ಬ್ಲೇಡೇ ಜಾಸ್ತಿ. ನಮ್ಮ ಹುಡುಗನಿಗೆ ಆದರೆ ಬ್ಲೇಡು ಉದ್ದ ಇದ್ದಷ್ಟೂ ಧೈರ್ಯ. ಆರು ಲಾಂಗ್ ಬುಕ್ಕಿನ ರಟ್ಟು ಹೀಗೇ ಸೀಳಿ ಹೋದವು. ಗಿರಾಕಿಗೆ ಕೊಡುವಂತಿಲ್ಲ. ನಮ್ಮ ಸಾಲದ ಲೆಕ್ಕ ಬರೆಯುವ ಪುಸ್ತಕಗಳ ಮುಖದ ಮೇಲೆಲ್ಲ ಈಗ ಒಂದೊಂದು ಗೀರಿದೆ.

ಈಗ ಹೊಸದಕ್ಕೆ ಬರುತ್ತೇನೆ.

ಮೊದಲನೆಯದು ಸ್ಪ್ರಿಂಗಿನದು. ಮೈ ಲೋಹದ್ದು, ಅಂಗೈಯಲ್ಲಿ ತೂಕವಾಗಿ ಕೂರುತ್ತದೆ. ಒಳಗಿರುವುದು ಮುರಿಯುವ ಬ್ಲೇಡಲ್ಲ, ಚಿಕ್ಕ ದಪ್ಪ ಬ್ಲೇಡು, ಎರಡು ತುದಿಯಲ್ಲೂ ಮೊನೆ. ಒಂದು ಕಡೆ ಮೊಂಡಾದರೆ ತಿರುಪು ಬಿಚ್ಚಿ ತಿರುಗಿಸಿ ಹಾಕಬೇಕು. ಕಾರ್ಪೆಂಟರುಗಳ ಹತ್ತಿರ ಇರುತ್ತದಲ್ಲ, ಅದೇ ಬ್ಲೇಡು. ವ್ಯತ್ಯಾಸ ಇಷ್ಟೇ: ಇದರಲ್ಲಿ ಹೆಬ್ಬೆರಳಿನಿಂದ ಗುಂಡಿ ಮುಂದೆ ತಳ್ಳಿ ಹಿಡಿದಿದ್ದಷ್ಟು ಹೊತ್ತು ಮಾತ್ರ ಬ್ಲೇಡು ಹೊರಗೆ. ಬೆರಳು ತೆಗೆದ ಕ್ಷಣ ಟಪ್ ಅಂತ ಒಳಗೆ. ಕೆಳಗೆ ಬಿದ್ದರೂ ಒಳಗೆ, ಪೇಪರ್ ರಾಶಿಯ ಮೇಲೆ ಎಸೆದರೂ ಒಳಗೆ. ಅತ್ತೆಗೆ ತೋರಿಸಿದೆ. "ಹಾಂ, ಇದು ತಾನೇ ಮಲಗ್ತದೆ" ಅಂದರು.

ಮೊದಲ ವಾರ ನಾನು ಇದನ್ನು ಎಲ್ಲರೆದುರೂ ಹೊಗಳಿದೆ. ಎರಡನೇ ವಾರ ನೋಡುತ್ತೇನೆ, ಗುಂಡಿಯ ಮೇಲೆ ಸೆಲ್ಲೋ ಟೇಪು ಸುತ್ತಿದೆ! ಬ್ಲೇಡು ಕಾಯಂ ಹೊರಗೆ.

"ಏನೋ ಇದು ಮಾರಾಯ?"

"ಹೆಬ್ಬೆರಳು ನೋಯ್ತದೆ ಅಕ್ಕ. ಹದಿನೈದು ಬಾಕ್ಸ್ ಬಿಚ್ಚಿ ನೋಡಿ ನೀವೇ."

ಬಿಚ್ಚಿ ನೋಡಿದೆ. ಹುಡುಗ ಹೇಳಿದ್ದು ನಿಜ. ಸ್ಪ್ರಿಂಗ್ ಗಟ್ಟಿ ಇದ್ದರೆ ಐದಾರು ಬಾಕ್ಸ್ ಆಗುವಷ್ಟರಲ್ಲಿ ಹೆಬ್ಬೆರಳಿನ ಬುಡ ಜುಮ್ ಅನ್ನುತ್ತದೆ. ಮನೆಗೆ ವಾರಕ್ಕೆ ಎರಡು ಪಾರ್ಸೆಲ್ ಬರುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ದಿನವಿಡೀ ಬಿಚ್ಚುವವರಿಗೆ ಇದೇ ದೊಡ್ಡ ವಿಷಯ. ತಗೊಳ್ಳುವ ಮೊದಲು ಗುಂಡಿಯನ್ನು ಹತ್ತು ಸಲ ತಳ್ಳಿ ನೋಡಿ. ಹತ್ತನೇ ಸಲವೂ ಸಲೀಸಾಗಿ ಹೋದರೆ ತಗೊಳ್ಳಿ. ಆನ್‌ಲೈನಿನಲ್ಲಿ ತರಿಸಿದರೆ ಈ ಪರೀಕ್ಷೆ ಆಗುವುದಿಲ್ಲ. ನಾನು ಮೋಸ ಹೋದದ್ದು ಅಲ್ಲೇ.

ಹೆಬ್ಬೆರಳಲ್ಲಿ ಗುಂಡಿ ಒತ್ತುವ ಬದಲು ಇಡೀ ಹಿಡಿಯನ್ನೇ ಹಿಸುಕುವ ಬಗೆಯದೂ ಇದೆ. ಅದರಲ್ಲಿ ನಾಲ್ಕು ಬೆರಳಿನ ಬಲ ಬರುತ್ತದೆ, ಸುಸ್ತು ಕಡಿಮೆ. ಇನ್ನೂ ಬುದ್ಧಿವಂತ ಜಾತಿಯವು ಇವೆ. ರಟ್ಟಿನಿಂದ ಬ್ಲೇಡು ಆಚೆ ಬಂದ ಕೂಡಲೇ, ನಾವು ಹಿಡಿ ಬಿಡದಿದ್ದರೂ, ಅದು ಒಳಗೆ ಹೋಗುತ್ತದೆ. ಚಾಕು ಕತ್ತರಿಗೆ ಹೆಸರಾದ ಜರ್ಮನಿಯ ಸೋಲಿಂಗೆನ್ ಊರಿನ ಮಾರ್ಟರ್ ಕಂಪನಿ ಇಂಥವನ್ನು ಮಾಡುತ್ತದೆ. ಇವಕ್ಕೆ ಟೇಪು ಸುತ್ತಿ ಯಾಮಾರಿಸುವುದು ಕಷ್ಟ. ದೊಡ್ಡ ಗೋಡೌನಿನವರಿಗೆ ಸರಿ, ನಮ್ಮಂಥ ಅಂಗಡಿಗೆ ಬೆಲೆ ನೋಡಿದರೆ ಕೈ ಹಿಂದೆ ಬರುತ್ತದೆ.

ಎರಡನೆಯದು ಕೊಕ್ಕೆ ಕಟ್ಟರ್. ನೋಡಲು ಆಟದ ಸಾಮಾನಿನ ಹಾಗಿದೆ. ಪ್ಲಾಸ್ಟಿಕ್ ಹಿಡಿ, ತುದಿಯಲ್ಲಿ ಹಕ್ಕಿ ಕೊಕ್ಕಿನ ಹಾಗೆ ಬಾಗಿದ ಮೂತಿ, ಆ ಸಂದಿನೊಳಗೆ ಎಲ್ಲೋ ಒಂದು ಚೂರು ಬ್ಲೇಡು. ಬೆರಳು ಹಾಕಲು ಹೋದರೂ ಬ್ಲೇಡು ಮುಟ್ಟುವುದಿಲ್ಲ. ಮುಚ್ಚುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ತೆರೆಯುವುದೇ ಇಲ್ಲ. ಎಡಗೈ, ಬಲಗೈ ಎರಡಕ್ಕೂ ಒಂದೇ. ನಾಲ್ಕು ತಂದೆ, ತಲಾ 90 ರೂಪಾಯಿ ಬಿತ್ತು.

ಬಂದ ದಿನ ನಗು ಬಂತು. ಈಗ ದಿನಕ್ಕೆ ಅತಿ ಹೆಚ್ಚು ಸಲ ಕೈಗೆತ್ತಿಕೊಳ್ಳುವುದು ಇದನ್ನೇ.

ನೋಟ್‌ಬುಕ್ ಬಂಡಲಿಗೆ ಸುತ್ತಿದ ಬ್ರೌನ್ ಪೇಪರಿಗೆ ಕೊಕ್ಕು ತೂರಿಸಿ ಎಳೆದರೆ ಸರ್ ಅಂತ ಹೋಗುತ್ತದೆ. ಒಳಗಿನ ಪುಸ್ತಕಕ್ಕೆ ಕೊಕ್ಕಿನ ನುಣುಪಾದ ಬೆನ್ನು ತಾಗುತ್ತದೆ, ಬ್ಲೇಡು ತಾಗುವುದಿಲ್ಲ. ಇದು ಬಂದ ಮೇಲೆ ಒಂದೇ ಒಂದು ಪುಸ್ತಕ ಸೀಳಿಲ್ಲ. ಪ್ಲಾಸ್ಟಿಕ್ ಪಟ್ಟಿಗೂ ಇದೇ ಸರಿ. ಬಿಗಿಯಾಗಿ ಕಟ್ಟಿದ ಪಟ್ಟಿ ಕತ್ತರಿಸಿದ ಕೂಡಲೇ ಮುಖಕ್ಕೆ ಹಾರುತ್ತದೆ, ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದಿರಬೇಕು. ಹಳೇ ಕಟ್ಟರಿನಲ್ಲಿ ಆ ಒತ್ತಿ ಹಿಡಿದ ಕೈಯೇ ಬ್ಲೇಡಿನ ದಾರಿಯಲ್ಲಿರುತ್ತಿತ್ತು. ಕಬ್ಬಿಣದ ಪಟ್ಟಿಗೆ ಮಾತ್ರ ಇದಾವುದೂ ಆಗದು. ತಗಡು ಕತ್ತರಿಸುವ ಕತ್ತರಿಯೇ ಬೇಕು.

ಆದರೆ ಇದರ ಬಾಯಿ ಚಿಕ್ಕದು. ಐದು ಪದರದ ದಪ್ಪ ರಟ್ಟು ಆ ಸಂದಿಗೆ ಹೋಗುವುದೇ ಇಲ್ಲ. ಟೇಪನ್ನಷ್ಟೇ ಸೀಳಿಕೊಂಡು ಬಾಕ್ಸ್ ತೆರೆಯಬಹುದು, ಬಾಕ್ಸನ್ನೇ ಕತ್ತರಿಸಲು ಆಗದು. ಟೇಪಿನ ಅಂಟು, ರಟ್ಟಿನ ಧೂಳು ಸೇರಿ ಆ ಸಂದಿಯಲ್ಲಿ ಮೇಣದ ಹಾಗೆ ಕೂರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಬಿಡುತ್ತದೆ. ಮೊಂಡಾದರೆ ಇಡೀ ಕಟ್ಟರೇ ಕಸ. ನನ್ನ ಕಣ್ಣಲ್ಲಿ ಇದರ ದೊಡ್ಡ ದೋಷ ಇದೇ. ಎಂಟು ಸಲ ಮೊನೆ ಮುರಿದು ಬಳಸುವ ಅಭ್ಯಾಸ ಇದ್ದವರಿಗೆ, ಒಂದು ಉಗುರಿನಷ್ಟು ಬ್ಲೇಡು ಹೋಯ್ತು ಅಂತ ಗೇಣುದ್ದ ಪ್ಲಾಸ್ಟಿಕ್ ಎಸೆಯಲು ಮನಸ್ಸು ಬರುವುದಿಲ್ಲ. ತಲೆ ಮಾತ್ರ ಬದಲಾಯಿಸುವಂಥದ್ದು ಸಿಗುತ್ತದೆ, ಮುಂದಿನ ಸಲ ಅದನ್ನೇ ತರಿಸುತ್ತೇನೆ.

ಮೂರನೆಯದು ಸೆರಾಮಿಕ್ ಬ್ಲೇಡಿನದು. ಇದಕ್ಕೆ ಸಾವಿರದ ಮೇಲೆ ಕೊಟ್ಟೆ. ನಮ್ಮನೆಯವರಿಗೆ ಬೆಲೆ ಹೇಳಿದ್ದು ಒಂದು ತಿಂಗಳ ನಂತರ. ಇದರ ಬ್ಲೇಡು ಲೋಹ ಅಲ್ಲ, ಜಿರ್ಕೋನಿಯಮ್ ಆಕ್ಸೈಡ್. ಬಿಳೀ ಬಣ್ಣ, ಹಲ್ಲಿನ ಹಾಗೆ ಕಾಣುತ್ತದೆ. ತುದಿ ಚೂಪಲ್ಲ, ದುಂಡಗಿದೆ. ಹೊರಗೆ ಬರುವುದೂ ರಟ್ಟಿನ ದಪ್ಪದಷ್ಟೇ. ಬೆರಳಿಟ್ಟರೆ ಕೂಡಲೇ ಕೊಯ್ಯುವುದಿಲ್ಲ. ಹಾಗಂತ ಒತ್ತಿ ಎಳೆದು ಪರೀಕ್ಷೆ ಮಾಡಲು ಹೋಗಬೇಡಿ.

ಇದನ್ನು ತರಿಸಲು ನನಗೆ ಬೇರೆಯೇ ಕಾರಣ ಇತ್ತು. ಮಳೆ. ಬಯಲುಸೀಮೆಯವರಿಗೆ ಇದು ಅರ್ಥ ಆಗಲಿಕ್ಕಿಲ್ಲ. ಇಲ್ಲಿ ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಅಂಗಡಿಯೊಳಗಿನ ಕಾಗದವೂ ಮೆತ್ತಗಾಗುತ್ತದೆ. ಗೋಡೆ ಬದಿಗಿಟ್ಟ ಬಾಕ್ಸಿನ ರಟ್ಟು ನೆನೆದ ರೊಟ್ಟಿಯ ಹಾಗೆ. ಉಕ್ಕಿನ ಬ್ಲೇಡಿನ ಮೇಲೆ ನಾಲ್ಕು ದಿನಕ್ಕೆ ಕಂದು ಚುಕ್ಕೆ. ತುಕ್ಕು ಹಿಡಿದ ಬ್ಲೇಡು ಮೆತ್ತಗಿನ ರಟ್ಟನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಹರಿಯುತ್ತದೆ ಅಂತ ನಾವು ಜೋರಾಗಿ ಒತ್ತುತ್ತೇವೆ. ಜೋರಾಗಿ ಒತ್ತಿದಾಗ ಜಾರುತ್ತದೆ. ಮೊಂಡು ಚಾಕೇ ಜಾಸ್ತಿ ಗಾಯ ಮಾಡುತ್ತದೆ ಅನ್ನುವುದು ಇದಕ್ಕೇ.

ಸೆರಾಮಿಕ್ಕಿಗೆ ತುಕ್ಕಿಲ್ಲ. ಎಣ್ಣೆ ಒರೆಸುವ ಕೆಲಸವಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇದ್ದಲ್ಲೇ ಇತ್ತು, ಮೊನೆಯೂ ಇದ್ದ ಹಾಗೇ ಇತ್ತು. ನಾಲ್ಕು ತಿಂಗಳಲ್ಲಿ ಉಕ್ಕಿನ ಕಟ್ಟರಿಗೆ ಮೂರು ಬ್ಲೇಡು ಖಾಲಿಯಾದರೆ ಇದಕ್ಕೆ ಒಂದೂ ಇಲ್ಲ. ಸಾವಿರ ರೂಪಾಯಿ ವಸೂಲಾಯ್ತು ಅಂತ ನಮ್ಮನೆಯವರಿಗೆ ಹೇಳಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಅಂಗಡಿಯ ಕತ್ತರಿ, ಕಟ್ಟರ್, ಸ್ಟೇಪ್ಲರ್ ಎಲ್ಲ ತೊಳೆದು ಒರೆಸಿ ಕುಂಕುಮ ಇಡುವಾಗ ಇದು ಕೈಜಾರಿ ಮೊಸಾಯಿಕ್ ನೆಲಕ್ಕೆ ಬಿತ್ತು. ಗುಂಡಿ ಒತ್ತಿ ನೋಡುತ್ತಿದ್ದೆ, ಬ್ಲೇಡು ಹೊರಗಿತ್ತು. ತುದಿಯ ಒಂದು ಚಕ್ಕೆ ಹಾರಿಹೋಯ್ತು. ಸೆರಾಮಿಕ್ಕಿನ ಗುಣವೇ ಅದು. ಬೇಗ ಸವೆಯುವುದಿಲ್ಲ, ಆದರೆ ಪಕ್ಕಕ್ಕೆ ತಿರುಚಿದರೆ, ಎತ್ತಿ ಹಾಕಿದರೆ ಮುರಿಯುತ್ತದೆ. ಇನ್ನೂ ಒಂದು ಫಜೀತಿ: ಉಕ್ಕಿನ ಚೂರು ಬಿದ್ದರೆ ಹಳೇ ಸ್ಪೀಕರಿನ ಅಯಸ್ಕಾಂತ ಆಡಿಸಿ ಹುಡುಕುತ್ತೇವೆ. ಸೆರಾಮಿಕ್ ಚೂರು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಮೊಸಾಯಿಕ್ ನೆಲದಲ್ಲಿ ಬಿಳೀ ಚಕ್ಕೆ ಹುಡುಕಿ ನೋಡಿ! ಟಾರ್ಚ್ ಹಿಡಿದು ಅರ್ಧ ಗಂಟೆ ನೆಲಕ್ಕೆ ಕೆನ್ನೆ ಹಚ್ಚಿದ್ದೆ.

ಒಡೆದ ಬ್ಲೇಡಿನಲ್ಲೂ ಟೇಪು ಕೊಯ್ಯುತ್ತದೆ. ಹೊಸ ಬ್ಲೇಡು ಇನ್ನೂ ತರಿಸಿಲ್ಲ.

ಸೇಫ್ಟಿ ಕಟ್ಟರ್ ಕೈಕೊಡುವುದು ಎಲ್ಲಿ ಅಂದರೆ ಮಕ್ಕಳ ಪ್ರಾಜೆಕ್ಟಿನಲ್ಲಿ. ಮೌಂಟ್ ಬೋರ್ಡನ್ನು ಸ್ಕೇಲಿಟ್ಟು ನೇರ ಗೆರೆಯಲ್ಲಿ ಕೊಯ್ಯಬೇಕು. ಕೊಕ್ಕೆಯದು ಸ್ಕೇಲಿನ ಪಕ್ಕ ಕೂರುವುದೇ ಇಲ್ಲ. ನಾನು ತಂದ ಸ್ಪ್ರಿಂಗಿನದರ ಬ್ಲೇಡಿಗೆ ಕೂದಲೆಳೆಯಷ್ಟು ಅಲುಗಾಟ, ಗೆರೆ ಸೊಟ್ಟಗಾಗುತ್ತದೆ. ಇದಕ್ಕೆ ಹಳೇ 9 ಮಿಲಿಮೀಟರಿನದೇ ಬೇಕು, ಸ್ಟೀಲ್ ಸ್ಕೇಲೇ ಬೇಕು. ಪ್ಲಾಸ್ಟಿಕ್ ಸ್ಕೇಲಾದರೆ ಬ್ಲೇಡು ಸ್ಕೇಲನ್ನೇ ಕೆತ್ತಿಕೊಂಡು ಬೆರಳಿನ ಮೇಲೆ ಹತ್ತುತ್ತದೆ. ಒಂದೇ ಏಟಿಗೆ ಕತ್ತರಿಸಲು ಹೋಗದೆ ಹಗುರವಾಗಿ ಮೂರ್ನಾಲ್ಕು ಸಲ ಎಳೆಯಬೇಕು. ಥರ್ಮಕೋಲಿಗೂ ಉದ್ದ ತೆಳು ಬ್ಲೇಡೇ ಆಗಬೇಕು, ಅದನ್ನು ಮಲಗಿಸಿ ಎಳೆದರೆ ಕಾಳು ಉದುರುವುದಿಲ್ಲ. ಆ ಒಂದು ಕೆಲಸಕ್ಕೆ ಮಾತ್ರ ಬ್ಲೇಡು ಪೂರ್ತಿ ಹೊರಗೆ ತೆಗೆಯಲು ನನ್ನ ಒಪ್ಪಿಗೆ ಇದೆ. ಚಿಕ್ಕ ಮಕ್ಕಳಾದರೆ ಅಪ್ಪನೋ ಅಮ್ಮನೋ ಕತ್ತರಿಸಿಕೊಡಲಿ. ಹೇಗೂ ಪ್ರಾಜೆಕ್ಟ್ ಮಾಡುವುದು ಅವರೇ ಅಲ್ವಾ.

ಕಾಫಿ ತೋಟದವರೊಬ್ಬರು ಗೋಣಿಚೀಲಕ್ಕೆ ಯಾವ ಕಟ್ಟರ್ ಒಳ್ಳೇದು ಅಂತ ಕೇಳಿದ್ದರು. ಯಾವುದೂ ಬೇಡ ಅಂದೆ. ಹೊಲಿಗೆಯ ಸುತಳಿ ತುದಿ ಬಿಡಿಸಿ ಎಳೆದರೆ ಚೀಲವೂ ಉಳಿಯುತ್ತದೆ. ನನ್ನದೊಂದು ವ್ಯಾಪಾರ ಹೋಯ್ತು, ಇರಲಿ. ಮನೆಯಿಂದಲೇ ಕಾಫಿಪುಡಿ, ಕಾಳುಮೆಣಸು ಪಾರ್ಸೆಲ್ ಕಳಿಸುವ ಇನ್ನೊಬ್ಬರಿಗೆ ಬಾಕ್ಸ್ ಬಿಚ್ಚುವುದಕ್ಕಿಂತ ಬಾಕ್ಸನ್ನು ಕತ್ತರಿಸಿ ಚಿಕ್ಕದು ಮಾಡುವ ಕೆಲಸ ಜಾಸ್ತಿ. ಅವರಿಗೆ ಸ್ಪ್ರಿಂಗಿನದನ್ನು ಕೊಟ್ಟೆ. ದಪ್ಪ ಬ್ಲೇಡು, ಐದು ಪದರದ ರಟ್ಟಿಗೂ ಬಾಗುವುದಿಲ್ಲ. ಹೆಬ್ಬೆರಳಿನ ವಿಷಯ ಮೊದಲೇ ಹೇಳಿದೆ.

ಹಳೇ ಕಟ್ಟರ್ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. ಮೊಂಡಾದ ತುಂಡನ್ನು ಬರಿಗೈಯಲ್ಲಿ ಮುರಿಯಬೇಡಿ. ತುಂಬಾ ಕಟ್ಟರುಗಳ ಹಿಂಬದಿಯ ಮುಚ್ಚಳದಲ್ಲಿ ಒಂದು ಸೀಳಿರುತ್ತದೆ. ಮುಚ್ಚಳ ಕಿತ್ತು, ತುಂಡನ್ನು ಆ ಸೀಳಿಗೆ ತೂರಿಸಿ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಇಪ್ಪತ್ತು ವರ್ಷ ಕಟ್ಟರ್ ಮಾರಿದ ಮೇಲೆ ನನಗೆ ಇದು ಗೊತ್ತಾಯ್ತು ಅಂತ ಹೇಳಿಕೊಳ್ಳಲು ನಾಚಿಕೆ. ಮುರಿದ ಚೂರುಗಳನ್ನು ಸೀದಾ ಕಸದ ಚೀಲಕ್ಕೆ ಹಾಕಬೇಡಿ. ಬೆಳಿಗ್ಗೆ ಕಸದ ಗಾಡಿಯವರು ಅದನ್ನು ಕೈಯಲ್ಲಿ ಎತ್ತುತ್ತಾರೆ. ನಮ್ಮಲ್ಲಿ ಖಾಲಿ ಕಾಫಿಪುಡಿ ಡಬ್ಬಿಯ ಮುಚ್ಚಳಕ್ಕೆ ಒಂದು ಸೀಳು ಮಾಡಿ ಅದರೊಳಗೆ ಹಾಕುತ್ತೇವೆ. ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ಬ್ಲೇಡು ಅಂತ ಬರೆದು, ಕೈಗೇ ಕೊಡುತ್ತೇವೆ.

ಸದ್ಯಕ್ಕೆ ನಮ್ಮ ಅಂಗಡಿಯ ವ್ಯವಸ್ಥೆ ಹೀಗಿದೆ. ಕೌಂಟರಿನ ಮೇಲೆ ಕೊಕ್ಕೆಯದು ಮಾತ್ರ. ಸ್ಪ್ರಿಂಗಿನದು ಹಿಂದಿನ ಕೋಣೆಯಲ್ಲಿ, ದಪ್ಪ ಬಾಕ್ಸಿಗೆ. 18 ಮಿಲಿಮೀಟರಿನ ಹಳೇ ಕಟ್ಟರ್ ಡ್ರಾಯರಿನೊಳಗೆ, ಕೇಳಿದರೆ ನಾನೇ ತೆಗೆದುಕೊಡುವುದು, ಕೆಲಸ ಮುಗಿದ ಮೇಲೆ ನನಗೇ ವಾಪಸ್ ಕೊಡುವುದು. ಹುಡುಗನಿಗೆ ಇದು ಸ್ವಲ್ಪ ಅವಮಾನ ಅನಿಸಿದೆ. ನನ್ನ ಹೊಲಿಗೆಯ ಗುರುತು ತೋರಿಸಿದರೆ ಸುಮ್ಮನಾಗುತ್ತಾನೆ.

ನಾಲ್ಕು ಕೊಕ್ಕೆ ಕಟ್ಟರಲ್ಲಿ ಈಗ ಅಂಗಡಿಯಲ್ಲಿ ಉಳಿದಿರುವುದು ಮೂರು. ಒಂದನ್ನು ನಮ್ಮತ್ತೆ ಹಾಲಿನ ಪ್ಯಾಕೆಟ್ ಕತ್ತರಿಸಿ ನೋಡುತ್ತೇನೆ ಅಂತ ಮನೆಗೆ ಒಯ್ದರು. ದೀಪಾವಳಿಗೆ ಮೊದಲು ಒಯ್ದದ್ದು. ಅಡುಗೆಮನೆಯಲ್ಲಿ ಈಳಿಗೆ ಮಣೆಯ ಪಕ್ಕ, ಅದೇ ಮೊಳೆಗೆ ನೇತು ಹಾಕಿಕೊಂಡಿದ್ದಾರೆ. ವಾಪಸ್ ಕೇಳುವ ಧೈರ್ಯ ನನಗಿಲ್ಲ.